ಕೊಡಗಿನ ಕಾಫಿ: ಹೂವು, ನೀರು ಮತ್ತು ಜೇನು

ನಮ್ಮ ವಾಚನಾಲಯಕ್ಕೆ ಬರುವ ಮಿತ್ರರಲ್ಲಿ ಊರ ಕಡೆ ಇನ್ನೂ ತುಂಡು ಭೂಮಿಯನ್ನು ಇಟ್ಟುಕೊಂಡವರು ಹಲವರಿದ್ದಾರೆ. ಬೆಳೆ ಕಡಮೆಯಾದ ವರ್ಷ ಒಬ್ಬರು ಮಳೆಯನ್ನು ದೂರುತ್ತಾರೆ, ಇನ್ನೊಬ್ಬರು ಗೊಬ್ಬರವನ್ನು. ಈಚೆಗೆ ಜೇನು ಕಡಮೆಯಾಯಿತೆಂಬ ಮಾತೂ ಸೇರಿದೆ. ಮೂರೂ ಸುಳ್ಳಲ್ಲ. ಆದರೆ ಗಿರಣಿಯಲ್ಲಿ ನೂಲಿಗೊಂದು ಪುಟ, ಮಗ್ಗಕ್ಕೊಂದು ಪುಟ ಎಂದು ನಾವು ಲೆಕ್ಕ ಬರೆದರೂ ಬಟ್ಟೆಯ ಗಜ ಎರಡರಿಂದಲೂ ಒಟ್ಟಿಗೇ ಬರತಕ್ಕದ್ದು. ಹೊಲದ ಲೆಕ್ಕವೂ ಹೀಗೆಯೇ. ಇದಕ್ಕೆ ಕೊಡಗಿನ ಕಾಫಿ ತೋಟಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ದೊರೆತಿಲ್ಲ.

ಭಾರತದ ಕಾಫಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಕೊಡಗಿನದು. ಅಲ್ಲಿ ಹೆಚ್ಚಾಗಿ ಬೆಳೆಯುವುದು ರೊಬಸ್ಟಾ. ಅರೇಬಿಕಾ ಜಾತಿಯ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ರೊಬಸ್ಟಾ ಹಾಗಲ್ಲ. ತನ್ನ ಗಿಡದ ಪರಾಗವನ್ನು ಅದು ಒಪ್ಪದು. ಬೇರೆ ಗಿಡದಿಂದಲೇ ಬರಬೇಕು. ಸ್ವಲ್ಪವನ್ನು ಗಾಳಿ ತರುತ್ತದೆ, ಉಳಿದದ್ದು ಜೇನಿನ ಕೆಲಸ. ಬಂಡೆ ಮರಗಳಲ್ಲಿ ಒಂದೇ ದೊಡ್ಡ ಹಲ್ಲೆ ಕಟ್ಟುವ ಹೆಜ್ಜೇನು, ಪೊಟರೆಯಲ್ಲೂ ಪೆಟ್ಟಿಗೆಯಲ್ಲೂ ಬಾಳುವ ತುಡುವೆ ಜೇನು, ಕಚ್ಚಲು ಮುಳ್ಳಿಲ್ಲದ ಮುಜಂಟಿ, ಈ ಮೂವರೇ ಮುಖ್ಯ ಕೆಲಸಗಾರರು.

ಇನ್ನು ಹೂವಿನ ಸಮಯ. ಕಾಫಿಯ ಮೊಗ್ಗು ಬೇಸಗೆಯ ಒಣಹವೆಯಲ್ಲಿ ನಿದ್ದೆಹೋಗಿರುತ್ತದೆ. ಫೆಬ್ರವರಿ, ಮಾರ್ಚಿಯಲ್ಲಿ ಒಂದು ಇಂಚಿನಷ್ಟು ಹೂಮಳೆ ಬಿದ್ದರೆ ಒಂದು ವಾರ, ಹತ್ತು ದಿನದೊಳಗೆ ಅದು ಅರಳುತ್ತದೆ. ಎರಡು ಮೂರು ದಿನದಲ್ಲಿ ಬಾಡಿಯೂ ಹೋಗುತ್ತದೆ. ವರ್ಷದ ಬೆಳೆಯೆಲ್ಲ ಆ ಕೆಲವು ಹಗಲುಗಳ ಮೇಲೆ ನಿಂತಿದೆ. ಮಳೆ ಊರಿಗೆಲ್ಲ ಒಂದೇ ದಿನ ಬೀಳುವುದರಿಂದ ಹೂವೂ ಊರಿಗೆಲ್ಲ ಒಂದೇ ದಿನ. ನೋಡುವ ಕಣ್ಣಿಗೆ ಇದು ಹಬ್ಬ. ಜೇನಿಗೋ, ಇದ್ದಷ್ಟೇ ಮಂದಿ ಸಾವಿರ ಎಲೆಗೆ ಬಡಿಸಬೇಕಾದ ಸಂಕಟ.

ಈ ವಿಷಯವನ್ನು ವರ್ಜಿನಿ ಬೊರೋ, ಕುಶಾಲಪ್ಪ, ಫಿಲಿಪ್ ವಾಸ್ಟ್ ಮತ್ತು ಜಬೂರಿ ಗಜೂಲ್ ಎಂಬ ವಿಜ್ಞಾನಿಗಳು ಕೊಡಗಿನ ತೋಟಗಳಲ್ಲೇ ಅಳೆದು ನೋಡಿದರು. ಅವರ ಲೇಖನ 2013ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಜೇನನ್ನು ಮಾತ್ರ ಎಣಿಸದೆ ಗೊಬ್ಬರ, ನೀರು, ನೆರಳು, ಮಣ್ಣಿನ ಹುಳಿ ಎಲ್ಲವನ್ನೂ ಒಟ್ಟಿಗೆ ತೂಗಿದ್ದೇ ಇದರ ವಿಶೇಷ. ಜೇನು ಹೆಚ್ಚಿದ್ದಲ್ಲಿ ಕಾಯಿಯೂ ಹೆಚ್ಚು ಎಂಬುದು ಖಚಿತವಾಯಿತು. ಆದರೆ ಮಳೆಗೆ ಕಾಯದೆ ತುಂತುರು ಯಂತ್ರದಿಂದ ಒಮ್ಮೆ ನೀರು ಹಾಯಿಸಿ ಬೇರೆ ದಿನ ಹೂ ಬಿಡಿಸಿದ ತೋಟಗಳಲ್ಲಿ ಜೇನಿನ ಸಂದಣಿ ಬಹಳವಾಗಿ ಏರಿತ್ತು. ಸುತ್ತಲೂ ಹಸಿರು ಮಾತ್ರವಿದ್ದು ಒಂದೇ ತೋಟ ಬೆಳ್ಳಗಾದರೆ ಜೇನು ಇನ್ನೆಲ್ಲಿಗೆ ಹೋದೀತು? ಹೀಗೆ ನೀರು ಎರಡು ಕೆಲಸ ಮಾಡಿತು: ಮೊಗ್ಗನ್ನು ಎಬ್ಬಿಸಿತು, ಜೇನನ್ನೂ ಕರೆಯಿತು.

ಸುಣ್ಣದ ಮಾತನ್ನೂ ಹೇಳಬೇಕು. ಭಾರಿ ಮಳೆ ಮಣ್ಣಿನ ಸಾರವನ್ನು ತೊಳೆದು ಅದನ್ನು ಹುಳಿ ಮಾಡುತ್ತದೆ. ಹುಳಿಮಣ್ಣಿನಲ್ಲಿ ಹಾಕಿದ ಗೊಬ್ಬರವೂ ಗಿಡಕ್ಕೆ ಸರಿಯಾಗಿ ದಕ್ಕದು. ಬೆಳೆಯ ಮೇಲೆ ನೀರು ಮತ್ತು ಸುಣ್ಣದ ಪ್ರಭಾವ ಮರಗಳ ನೆರಳಿಗಿಂತ ಬಹಳ ಹೆಚ್ಚೆಂದು ಆ ಅಭ್ಯಾಸ ಕಂಡಿತು. ಪರಾಗ ಬಿದ್ದರೂ ಕಾಯನ್ನು ಸಾಕುವ ಶಕ್ತಿ ಗಿಡಕ್ಕೆ ಬೇಕಷ್ಟೆ.

ಇಲ್ಲಿ ಎರಡು ಎಚ್ಚರಿಕೆ ಅಗತ್ಯವೆಂದು ನಮಗೆ ತೋರುತ್ತದೆ. ಒಂದು ಎಕರೆಗೆ ಒಂದು ಇಂಚು ನೀರೆಂದರೆ ಒಂದು ಲಕ್ಷ ಲೀಟರಿಗೂ ಮೇಲೆ. ಮಾರ್ಚಿ ತಿಂಗಳಲ್ಲಿ ಹಳ್ಳ ಹೊಳೆಗಳಿಂದ ಅಷ್ಟನ್ನು ಎತ್ತಲು ಕೆರೆ ಬೇಕು, ಪಂಪು ಬೇಕು, ಎಣ್ಣೆಯ ಖರ್ಚು ಬೇಕು. ಮೂರು ಎಕರೆಯ ಬಡವ ಆಕಾಶವನ್ನೇ ನೋಡುತ್ತಾನೆ. ಅವನ ಹೂವು ಎಲ್ಲರ ಹೂವಿನೊಡನೆಯೇ ಅರಳಿ ಜೇನಿಗಾಗಿ ಕಾಯುತ್ತದೆ. ಹಾಗೆಂದು ಎಲ್ಲರೂ ಒಂದೇ ವಾರ ಪಂಪು ಹಚ್ಚಿದರೆ, ಮಳೆ ಬಿದ್ದಂತೆಯೇ ಊರೆಲ್ಲ ಒಟ್ಟಿಗೆ ಅರಳಿ, ಬೇರೆ ದಿನದ ಲಾಭ ಯಾರಿಗೂ ಸಿಕ್ಕದು. ನೆರೆಹೊರೆಯವರು ಕುಳಿತು ದಿನ ಹಂಚಿಕೊಳ್ಳುವುದು ಲೇಸು. ಅಣ್ಣತಮ್ಮಂದಿರೇ ಬೇಲಿಗಾಗಿ ಕಚೇರಿ ಹತ್ತುವ ಕಾಲದಲ್ಲಿ ಇದು ಸುಲಭವೆಂದು ನಾವು ಹೇಳೆವು.

ಎರಡನೆಯದು ಮರಗಳ ವಿಷಯ. ನೆರಳಿನ ಪ್ರಭಾವ ಕಡಮೆಯೆಂದು ಓದಿ ಕೊಡಲಿ ಎತ್ತುವವರೂ ಇದ್ದಾರು. ತುಡುವೆಯನ್ನು ಪೆಟ್ಟಿಗೆಯಲ್ಲಿ ಸಾಕಬಹುದು, ನಿಜ. ಆದರೆ 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ಮರಿಗಳ ರೋಗ ದಕ್ಷಿಣ ಭಾರತದಲ್ಲಿ ಅಂಥ ಕುಟುಂಬಗಳಲ್ಲಿ ಬಹುಪಾಲನ್ನು ಅಳಿಸಿಹಾಕಿತು. ಹೆಜ್ಜೇನಂತೂ ಪೆಟ್ಟಿಗೆಗೆ ಒಗ್ಗುವ ಜೀವವೇ ಅಲ್ಲ. ವರ್ಷದ ಕೆಲವು ತಿಂಗಳು ವಲಸೆ ಹೋಗಿ, ಮತ್ತೆ ಬಂದು ಎತ್ತರದ ಮರದ ಕೊಂಬೆಗೆ ಹಲ್ಲೆ ಕಟ್ಟುತ್ತದೆ. ಅಂಥ ಮರ ಕೊಡಗಿನಲ್ಲಿ ತೋಟದೊಳಗೂ ಇದೆ, ಪಕ್ಕದ ದೇವರಕಾಡಿನಲ್ಲೂ ಇದೆ. ಹೂ ಅರಳಿದ ದಿನಗಳಲ್ಲಿ ಕೀಟದ ಔಷಧಿ ಸಿಂಪಡಿಸಿದರೆ, ಪಕ್ಕದವನ ತೋಟಕ್ಕೆ ನಾಳೆ ಹೋಗಬೇಕಾದ ಜೇನೂ ಇಂದು ಇಲ್ಲೇ ಸಾಯುತ್ತದೆ.