ಗಾಡಿ ಜಾರಿತು ಎನ್ನುವ ಮುನ್ನ

ಡ್ರಮ್ ಟೆಸ್ಟು, ಸ್ಲೋಪ್ ಟೆಸ್ಟು, ರೋಡ್ ಟೆಸ್ಟು ಎಲ್ಲ ದಾಟಿ ಒಮಾನಿನ ಲೈಸೆನ್ಸ್ ಕೈಗೆ ಬಂದ ಸಂತೋಷದಲ್ಲಿರುವ ತಮ್ಮಂದಿರೇ, ತಂಗಿಯರೇ, ನಿಮಗೆ ಅಭಿನಂದನೆ. ಬಲಗಡೆ ಗಾಡಿ ಓಡಿಸುವುದನ್ನು ಕಲಿತಿರಿ, ರೌಂಡ್‌ಅಬೌಟಿನೊಳಗೆ ಇರುವವನಿಗೆ ಮೊದಲು ದಾರಿ ಬಿಡಬೇಕು ಎಂಬುದನ್ನೂ ಕಲಿತಿರಿ. ಇಲ್ಲಿಯ ರಸ್ತೆಗಳು ಅಗಲ, ನುಣುಪು. 120ರಲ್ಲಿ ಹೋದರೂ ಸ್ಟೀರಿಂಗ್ ಅಲುಗಾಡುವುದಿಲ್ಲ. ನನಗೆ ಭಯವಿರುವುದು ಆ ನುಣುಪಿನ ಬಗ್ಗೆಯೇ. ಅಪಘಾತವಾದ ನಮ್ಮ ಹುಡುಗರನ್ನು ನೋಡಲು ಹೋದಾಗಲೆಲ್ಲ ನಾನು ಕೇಳುವ ಮೊದಲ ಮಾತು ಒಂದೇ: "ಅಂಕಲ್, ನನ್ನ ತಪ್ಪೇನೂ ಇಲ್ಲ, ಮಳೆಗೆ ಗಾಡಿ ಜಾರಿತು." ಜಾರುವ ರಸ್ತೆಯಲ್ಲಿ ಎಷ್ಟು ವೇಗದಲ್ಲಿ ಹೋಗಬೇಕು, ಮುಂದಿನ ಗಾಡಿಗೆ ಎಷ್ಟು ಅಂತರ ಬಿಡಬೇಕು ಎನ್ನುವುದನ್ನು ತೀರ್ಮಾನಿಸಿದವರು ಯಾರು ಎಂದು ಅವರನ್ನು ಕೇಳಬೇಕು ಅನ್ನಿಸುತ್ತದೆ. ಆಸ್ಪತ್ರೆಯ ಮಂಚದ ಪಕ್ಕದಲ್ಲಿ ನಿಂತು ಅದನ್ನು ಕೇಳುವುದು ಹೇಗೆ? ಅದಕ್ಕೇ ನಿಮಗೆ ಈಗಲೇ ಹೇಳುತ್ತಿದ್ದೇನೆ.

ಮಸ್ಕತ್ತಿನಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ ಸುಮಾರು 100 ಮಿಲಿಮೀಟರ್. ಆಗುಂಬೆಯಲ್ಲಿ ಜುಲೈ ತಿಂಗಳ ಒಂದೇ ದಿನ ಅಷ್ಟು ಸುರಿಯುವುದುಂಟು. ಹೀಗಾಗಿ ಮಳೆಗಾಲವನ್ನು ಕಂಡ ಕರಾವಳಿಯ, ಮಲೆನಾಡಿನ ಹುಡುಗರಿಗೆ ಇಲ್ಲಿಯ ನಾಲ್ಕು ಹನಿ ಲೆಕ್ಕಕ್ಕೇ ಬರುವುದಿಲ್ಲ. ಅಪಾಯ ಇರುವುದು ಆ ನಾಲ್ಕು ಹನಿಗಳಲ್ಲೇ. ತಿಂಗಳುಗಟ್ಟಲೆ ಮಳೆ ಕಾಣದ ಡಾಂಬರಿನ ಮೇಲೆ ಎಂಜಿನ್ ಎಣ್ಣೆ, ಡೀಸೆಲ್, ಸವೆದ ಟೈರಿನ ರಬ್ಬರ್ ಪುಡಿ, ಮರುಭೂಮಿಯ ಸಣ್ಣ ಧೂಳು ಎಲ್ಲ ಕೂತಿರುತ್ತವೆ. ಮೊದಲ ಹನಿ ಬಿದ್ದಾಗ ಅವೆಲ್ಲ ಕಲೆತು ತೆಳುವಾದ ಜಿಡ್ಡಾಗುತ್ತವೆ. ಜೋರು ಮಳೆ ಬಂದರೆ ಸ್ವಲ್ಪ ಹೊತ್ತಿಗೆ ಅದು ತೊಳೆದು ಹೋಗುತ್ತದೆ, ತುಂತುರು ಬಂದರೆ ಹೋಗುವುದಿಲ್ಲ. ಆದ್ದರಿಂದ ಮೊದಲ ಅರ್ಧ ಗಂಟೆ ಹೊರಡುವುದನ್ನೇ ಮುಂದೂಡಿ. ಆಫೀಸಿಗೆ ತಡವಾಗುತ್ತದೆ ಎಂದು ಫೋನ್ ಮಾಡಿ ಹೇಳಬಹುದು, ಆ ಮಾತಿಗೆ ಯಾರೂ ಕೆಲಸದಿಂದ ತೆಗೆಯುವುದಿಲ್ಲ.

ಇನ್ನು ಸ್ವಲ್ಪ ಲೆಕ್ಕ. ಎಂಜಿನಿಯರಿಂಗ್ ಓದಿ ಬಂದವರು ಇದನ್ನು ನೀವೇ ಮಾಡಿ ನೋಡಿ. 120 ಕಿಲೋಮೀಟರ್ ವೇಗ ಎಂದರೆ ಸೆಕೆಂಡಿಗೆ 33 ಮೀಟರ್. ಮುಂದಿನ ಗಾಡಿಯ ಕೆಂಪು ದೀಪ ಕಂಡು ಕಾಲು ಬ್ರೇಕಿಗೆ ಹೋಗುವ ಒಂದೂವರೆ ಸೆಕೆಂಡಿನಲ್ಲೇ 50 ಮೀಟರ್ ಕಳೆದಿರುತ್ತದೆ. ಆಮೇಲೆ ಬ್ರೇಕ್ ಹಿಡಿದು ನಿಲ್ಲಲು ಒಣ ಡಾಂಬರಿನಲ್ಲಿ ಸುಮಾರು 80 ಮೀಟರ್ ಬೇಕು, ಒದ್ದೆಯಾದರೆ ಸುಮಾರು 140. ಒದ್ದೆ ರಸ್ತೆಯಲ್ಲೂ ಆ 80 ಮೀಟರಿನೊಳಗೇ ನಿಲ್ಲಬೇಕಾದರೆ ವೇಗ 90ಕ್ಕೆ ಇಳಿಯಬೇಕು. ಇದು ಒಳ್ಳೆಯ ಟೈರಿನ ಲೆಕ್ಕ. ನೀರು ನಿಂತಿದ್ದು ಟೈರಿನ ಗೀರುಗಳು ಸವೆದಿದ್ದರೆ ಟೈರು ರಸ್ತೆಯನ್ನು ಮುಟ್ಟದೆ ನೀರಿನ ಮೇಲೆಯೇ ತೇಲುತ್ತದೆ. ಆಗ ಬ್ರೇಕ್ ಒತ್ತಿದರೂ ಅಷ್ಟೆ, ಸ್ಟೀರಿಂಗ್ ತಿರುಗಿಸಿದರೂ ಅಷ್ಟೆ. ಆಕ್ಸಿಲರೇಟರಿನಿಂದ ಮೆಲ್ಲಗೆ ಕಾಲು ತೆಗೆದು, ಸ್ಟೀರಿಂಗ್ ನೇರ ಹಿಡಿದು, ಟೈರು ಮತ್ತೆ ನೆಲ ಹಿಡಿಯುವವರೆಗೆ ಕಾಯುವುದೊಂದೇ ದಾರಿ. ಮಳೆಯಲ್ಲಿ ಕ್ರೂಸ್ ಕಂಟ್ರೋಲ್ ಹಾಕಲೇಬೇಡಿ. ಫೋರ್ ವೀಲ್ ಡ್ರೈವ್ ಇದೆ ಎಂಬ ಧೈರ್ಯವೂ ಬೇಡ. ನಾಲ್ಕು ಚಕ್ರಕ್ಕೂ ಶಕ್ತಿ ಇದ್ದರೆ ಗಾಡಿ ಹೊರಡುವುದು ಸುಲಭ, ನಿಲ್ಲುವುದು ಸುಲಭವಾಗುವುದಿಲ್ಲ.

ಹೆದ್ದಾರಿಯಲ್ಲಿ ಹಿಂದಿನಿಂದ ಗುದ್ದಿದವನ ಮೇಲೆ ಸಾಮಾನ್ಯವಾಗಿ ತಪ್ಪು ಬರುವುದಕ್ಕೆ ಕಾರಣ ಈ ಲೆಕ್ಕವೇ. ಮುಂದಿನವನು ಒಂಟೆ ಕಂಡೋ ಮಗು ಕಂಡೋ ಏಕಾಏಕಿ ಬ್ರೇಕ್ ಹಾಕಬಹುದು, ಹಾಕುವ ಹಕ್ಕು ಅವನಿಗಿದೆ. ನಿಲ್ಲುವಷ್ಟು ಜಾಗ ಇಟ್ಟುಕೊಳ್ಳಬೇಕಾದದ್ದು ಹಿಂದಿನವನ ಹೊಣೆ. "ರಸ್ತೆ ಒದ್ದೆಯಾಗಿತ್ತು" ಎಂಬ ಮಾತು ನಿಮ್ಮನ್ನು ಬಿಡಿಸುತ್ತದೆ ಅಂದುಕೊಳ್ಳುತ್ತೀರಿ. ಅದು ನಿಮ್ಮ ವಿರುದ್ಧವೇ ಸಾಕ್ಷಿ ಹೇಳುತ್ತದೆ: ಒದ್ದೆ ಇದ್ದದ್ದು ನಿಮ್ಮ ಕಣ್ಣಿಗೆ ಕಂಡಿತ್ತು, ಆದರೂ ಅಂತರ ಬಿಡಲಿಲ್ಲ. ನಮ್ಮ ದೇಶದಲ್ಲೂ ನ್ಯಾಯ ಬೇರೆಯಲ್ಲ. ಮುಂದೆ ಹೋಗುತ್ತಿದ್ದ ಲಾರಿಗೆ ಕಾರು ಗುದ್ದಿದ ಪ್ರಕರಣವೊಂದರಲ್ಲಿ ನಮ್ಮ ಸುಪ್ರೀಂ ಕೋರ್ಟು 2018ರಲ್ಲಿ, 1989ರ ರಸ್ತೆ ನಿಯಮಗಳ 23ನೇ ನಿಯಮವನ್ನು ಎತ್ತಿ ತೋರಿಸಿ, ಸಾಕಷ್ಟು ಅಂತರ ಬಿಡದ ಕಾರಿನ ಚಾಲಕನದೇ ನಿರ್ಲಕ್ಷ್ಯ ಎಂದಿತು. ಊರಿನಲ್ಲಿ "ದೊಡ್ಡ ಗಾಡಿಯದೇ ತಪ್ಪು" ಎಂಬ ಮಾತು ಕೇಳಿ ಬೆಳೆದವರು ನೀವು. ಅದನ್ನು ಊರಿನಲ್ಲೇ ಬಿಟ್ಟು ಬನ್ನಿ, ಅಲ್ಲಿಯೂ ಅದು ನಿಜವಾಗಿರಲಿಲ್ಲ.

ಸಾಲಾಗಿ ಮೂರು ನಾಲ್ಕು ಗಾಡಿಗಳು ಗುದ್ದಿಕೊಂಡಾಗ ಮಾತ್ರ ಸ್ವಲ್ಪ ನಿಧಾನವಾಗಿ ನೋಡಬೇಕು. ನೀವು ಪೂರ್ತಿ ನಿಂತಿದ್ದು, ಹಿಂದಿನವನು ಗುದ್ದಿದ ರಭಸಕ್ಕೆ ನಿಮ್ಮ ಗಾಡಿ ಮುಂದಿನದಕ್ಕೆ ತಾಗಿದರೆ ಅದು ಒಂದು ವಿಚಾರ. ನೀವೇ ಮೊದಲು ಮುಂದಿನದಕ್ಕೆ ಗುದ್ದಿ, ಆಮೇಲೆ ಹಿಂದಿನವನು ನಿಮಗೆ ಗುದ್ದಿದರೆ ಅದೇ ಬೇರೆ. ಶಬ್ದ ಒಂದು ಸಲ ಕೇಳಿಸಿತೋ ಎರಡು ಸಲವೋ ಎಂದು ಪೊಲೀಸರು ವಿಚಾರಿಸಿದರೆ ನೆನಪಿದ್ದದ್ದನ್ನು ಮಾತ್ರ ಹೇಳಿ. ನೆನಪಿಲ್ಲದಿದ್ದರೆ ನೆನಪಿಲ್ಲ ಅನ್ನಿ.

ಒಮಾನಿನಲ್ಲಿ ಹಿಮವೆಲ್ಲಿ ಎಂದು ಕೇಳುವವರಿಗೆ ಜಬಲ್ ಶಮ್ಸ್ ಇದೆ. ಸುಮಾರು 3,000 ಮೀಟರ್ ಎತ್ತರ. ಚಳಿಗಾಲದ ರಾತ್ರಿ ಅಲ್ಲಿ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿಯುತ್ತದೆ, ಆಲಿಕಲ್ಲು ಬಿದ್ದು ನೆಲ ಬೆಳ್ಳಗಾಗುವುದುಂಟು. ಅದರ ವಿಡಿಯೊ ಫೋನಿಗೆ ಬಂದ ಕೂಡಲೆ ಹುಡುಗರು ಗಾಡಿ ಹತ್ತುತ್ತಾರೆ. ಹೋಗಬೇಡಿ ಎನ್ನುವುದಿಲ್ಲ, ನಮ್ಮ ಕಡೆಯವರಿಗೆ ಆ ನೋಟ ಅಪರೂಪವೇ. ಆದರೆ ಹಿಮಗಟ್ಟಿದ ರಸ್ತೆಯಲ್ಲಿ 60ರ ವೇಗದ ಗಾಡಿಗೆ ಬೇಕಾಗುವ ಬ್ರೇಕಿನ ದೂರ, ಒದ್ದೆ ಹೆದ್ದಾರಿಯಲ್ಲಿ 120ರ ಗಾಡಿಗೆ ಬೇಕಾಗುವಷ್ಟೇ, ಸುಮಾರು 140 ಮೀಟರ್. ಬೆಟ್ಟದ ತಿರುವಿನಲ್ಲಿ ಅಷ್ಟು ಜಾಗ ಎಲ್ಲಿದೆ? ಬಿಸಿಲು ಏರಿದ ಮೇಲೆ ಹತ್ತಿ, ಕತ್ತಲಾಗುವ ಮೊದಲು ಇಳಿದುಬಿಡಿ. ನೆರಳಿರುವ ತಿರುವುಗಳಲ್ಲಿ ಹಿಮ ಕರಗದೆ ಉಳಿದಿರುತ್ತದೆ. ಜಬಲ್ ಅಖ್ದರಿಗೆ ಹೋಗುವ ದಾರಿಯಲ್ಲಿ ಬಿರ್ಕತ್ ಅಲ್ ಮೌಜ್ ಹತ್ತಿರ ಪೊಲೀಸರು ಫೋರ್ ವೀಲ್ ಡ್ರೈವ್ ಇಲ್ಲದ ಗಾಡಿಯನ್ನು ಮೇಲೆ ಬಿಡುವುದಿಲ್ಲ. ಅವರ ಜೊತೆ ವಾದ ಬೇಡ. ಇಳಿಯುವಾಗ ಕೆಳಗಿನ ಗೇರಿನಲ್ಲೇ ಇಳಿಯಿರಿ, ಬ್ರೇಕ್ ಮೇಲೆಯೇ ಭಾರ ಬಿಟ್ಟರೆ ಅದು ಕಾದು ಕೈಕೊಡುತ್ತದೆ.

ನಿಮ್ಮಲ್ಲಿ ಎಷ್ಟೋ ಮಂದಿ ಇಲ್ಲಿಂದ ಕೆನಡಾಕ್ಕೋ ಜರ್ಮನಿಗೋ ಇಂಗ್ಲೆಂಡಿಗೋ ಹೋಗುವವರು. ಅಲ್ಲಿ ಚಳಿಗಾಲದಲ್ಲಿ ಡಾಂಬರಿನ ಮೇಲೆ ಕಣ್ಣಿಗೆ ಕಾಣದ ಹಿಮದ ಪದರವೇ ದಿನನಿತ್ಯದ ಮಾತು. 1965ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವೊಂದು, ಕಾರಣ ಹೇಳಲಾಗದಂತೆ ಗಾಡಿ ರಭಸವಾಗಿ ಜಾರಿದರೆ ಆ ಜಾರಿದ್ದೇ ನಿರ್ಲಕ್ಷ್ಯಕ್ಕೆ ಸಾಕ್ಷಿಯಾಗುತ್ತದೆ ಎಂದು ತೀರ್ಪು ಕೊಟ್ಟಿತು. ಜಾರಿದ್ದು ಹೇಗೆ ಎಂದು ಜಾರಿದವನೇ ವಿವರಿಸಬೇಕು. ನನಗೆ ಈ ಮಾತು ಬಹಳ ಸರಿ ಅನ್ನಿಸುತ್ತದೆ. ಮಳೆಗೆ, ಮಂಜಿಗೆ ನಾಲಿಗೆಯಿಲ್ಲ. ಅವುಗಳ ಮೇಲೆ ತಪ್ಪು ಹೊರಿಸಿದರೆ ಯಾರೂ ಎದುರು ಮಾತಾಡುವುದಿಲ್ಲ ಎಂದುಕೊಂಡೇ ನಾವು ಹಾಗೆ ಹೊರಿಸುತ್ತೇವೆ.

ಸಲಾಲಾದ ಮಳೆಗಾಲವಾದ ಖರೀಫ್ ಇವೆಲ್ಲಕ್ಕಿಂತ ಹತ್ತಿರದ ಪರೀಕ್ಷೆ. ಜೂನ್ 21ರಿಂದ ಸೆಪ್ಟೆಂಬರ್ 21ರವರೆಗಿನ ಆ ತುಂತುರು, ಆ ಹಸುರು ನೋಡಿದರೆ ನಮ್ಮ ಕೊಡಗು, ಚಿಕ್ಕಮಗಳೂರು ನೆನಪಾಗಿ ಮನಸ್ಸು ತುಂಬುತ್ತದೆ. ಮಸ್ಕತ್ತಿನಿಂದ ಸುಮಾರು 1,000 ಕಿಲೋಮೀಟರ್. ಗುರುವಾರ ಕೆಲಸ ಮುಗಿಸಿ ಅದೇ ರಾತ್ರಿ ಹೊರಟು, ಆದಮ್, ಹೈಮಾ ದಾಟಿ, ನಿದ್ದೆಗೆಟ್ಟ ಕಣ್ಣಿನಲ್ಲಿ ತುಮ್ರೈತ್ ತಲುಪುತ್ತೀರಿ. ಅಲ್ಲಿಯವರೆಗೆ ಒಣ ಮರುಭೂಮಿ. ಕೆಲವೆಡೆ ಗಾಳಿ ತಂದ ಮರಳು ರಸ್ತೆಗೆ ಹರಡಿರುತ್ತದೆ, ರಾಗಿ ಚೆಲ್ಲಿದ ನೆಲದ ಮೇಲೆ ಕಾಲಿಟ್ಟಂತೆ ಟೈರು ಜಾರುತ್ತದೆ. ತುಮ್ರೈತಿನಿಂದ ಮುಂದೆ ಬೆಟ್ಟದ ಇಳಿಜಾರು ಶುರುವಾಗುತ್ತಿದ್ದಂತೆ ಕೆಲವೇ ಕಿಲೋಮೀಟರಿನಲ್ಲಿ ಬಿಸಿಲು ಹೋಗಿ ಮಂಜು, ತುಂತುರು, ಕೆಸರು ಎಲ್ಲ ಒಮ್ಮೆಗೇ ಎದುರಾಗುತ್ತವೆ. ರಾತ್ರಿಯಿಡೀ 120ಕ್ಕೆ ಒಗ್ಗಿಕೊಂಡ ಕಾಲಿಗೆ 40 ಎನ್ನುವುದು ನಿಂತಂತೆ ಅನ್ನಿಸುತ್ತದೆ. ಆ ಇಳಿಜಾರಿಗೆ ಮೊದಲೇ ತುಮ್ರೈತಿನಲ್ಲಿ ಗಾಡಿ ನಿಲ್ಲಿಸಿ, ಮುಖ ತೊಳೆದು, ಚಹಾ ಕುಡಿದು, ಸಾಧ್ಯವಾದರೆ ಒಂದು ಗಂಟೆ ಮಲಗಿ ಹೊರಡಿ.

ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೆ ತಾಗಿ ನಿಮ್ಮ ಕಣ್ಣಿಗೇ ಹಿಂದಿರುಗುತ್ತದೆ. ಲೋ ಬೀಮ್ ಸಾಕು, ಫಾಗ್ ಲ್ಯಾಂಪ್ ಇದ್ದರೆ ಅದೂ ಇರಲಿ. ಓಡುತ್ತಿರುವಾಗ ನಾಲ್ಕೂ ಇಂಡಿಕೇಟರ್ ಮಿನುಗಿಸಿಕೊಂಡು ಹೋಗುವ ಅಭ್ಯಾಸ ಬಿಡಿ: ನೀವು ನಿಂತಿದ್ದೀರೋ, ಹೋಗುತ್ತಿದ್ದೀರೋ, ಎಡಕ್ಕೆ ಸರಿಯುತ್ತೀರೋ ಎಂದು ಹಿಂದಿನವನಿಗೆ ತಿಳಿಯುವುದಿಲ್ಲ. ಫೋಟೊಗಾಗಿ ರಸ್ತೆಯ ಅಂಚಿನಲ್ಲಿ ನಿಲ್ಲಿಸಿದ ಗಾಡಿಗೆ ಮಂಜಿನಿಂದ ಬಂದವನು ಗುದ್ದಿದರೆ, ಗುದ್ದಿದವನ ಜೊತೆ ನಿಲ್ಲಿಸಿದವನೂ ಉತ್ತರ ಹೇಳಬೇಕಾಗುತ್ತದೆ.

ಮಳೆ ಬಂದಾಗ ಮಾತ್ರ ತುಂಬಿ ಹರಿಯುವ ಒಣ ಹಳ್ಳದ, ಅಂದರೆ ವಾದಿಯ, ವಿಚಾರದಲ್ಲಿ ನಾನು ಮೃದುವಾಗಿ ಮಾತಾಡಲಾರೆ. 2024ರ ಏಪ್ರಿಲ್ 14ರಂದು ಉತ್ತರ ಶರ್ಕಿಯಾದ ಸಮದ್ ಅಲ್ ಶಾನ್‌ನಲ್ಲಿ ಶಾಲೆಯ ಮಕ್ಕಳಿದ್ದ ವಾಹನ ನೆರೆಯಲ್ಲಿ ಕೊಚ್ಚಿಹೋಯಿತು. ಆ ವಾರ ಈ ದೇಶದಲ್ಲಿ ಮಕ್ಕಳಿದ್ದ ಯಾವ ಮನೆಯಲ್ಲೂ ಊಟ ರುಚಿಸಿರಲಾರದು. ಸುಮಾರು 30 ಸೆಂಟಿಮೀಟರ್ ಹರಿವ ನೀರು ಸಣ್ಣ ಕಾರನ್ನು ಎತ್ತಬಲ್ಲದು, 60 ಸೆಂಟಿಮೀಟರ್ ಬಂದರೆ ದೊಡ್ಡ ಗಾಡಿಗಳೂ ತೇಲುತ್ತವೆ. ನಿಮ್ಮ ತಲೆಯ ಮೇಲೆ ಮೋಡವೇ ಇರದಿದ್ದರೂ ಬೆಟ್ಟದಲ್ಲಿ ಬಿದ್ದ ಮಳೆ ಗೋಡೆಯಾಗಿ ಇಳಿದು ಬರುತ್ತದೆ. ಮುಂದಿನವನು ದಾಟಿದ ಎಂಬುದು ಕಾರಣವಲ್ಲ. ಅವನು ದಾಟಿದ ನೀರು ಮುಂದೆ ಹೋಯಿತು, ನಿಮಗೆ ಸಿಗುವುದು ಬೇರೆ ನೀರು. ಹರಿಯುವ ವಾದಿಗೆ ಗಾಡಿ ಇಳಿಸಿ ಜೀವಗಳನ್ನು ಅಪಾಯಕ್ಕೆ ಒಡ್ಡುವುದು ಇಲ್ಲಿಯ ಸಂಚಾರ ಕಾನೂನಿನಲ್ಲಿ ಅಪರಾಧ, ಜೈಲಿಗೂ ದಂಡಕ್ಕೂ ಗುರಿಯಾಗಬಹುದು. ಅಲ್ಲಿ ತಪ್ಪು ಯಾರದು ಎಂಬ ಚರ್ಚೆಗೆ ಎಡೆಯೇ ಇಲ್ಲ. ಕಾಯಿರಿ. ರಾತ್ರಿಯಾದರೂ ಕಾಯಿರಿ.

ಇಷ್ಟೆಲ್ಲ ಜಾಗ್ರತೆ ಮಾಡಿದರೂ ಒಂದು ದಿನ ಗುದ್ದಬಹುದು, ಗುದ್ದಿಸಿಕೊಳ್ಳಬಹುದು. ಯಾರಿಗಾದರೂ ಪೆಟ್ಟಾಗಿದ್ದರೆ ಮೊದಲು 9999ಕ್ಕೆ ಫೋನ್. ನಿಮ್ಮ ಬಂಪರ್ ನೋಡುವುದು ಆಮೇಲೆ. ಯಾರಿಗೂ ಪೆಟ್ಟಿಲ್ಲದ ಸಣ್ಣ ಗುದ್ದಾಟವಾದರೆ ಫೋಟೊ ತೆಗೆದು, ಗಾಡಿಗಳನ್ನು ಪಕ್ಕಕ್ಕೆ ಸರಿಸಿ, ಇಬ್ಬರೂ ಇನ್ಶೂರೆನ್ಸ್ ಫಾರಂ ತುಂಬಿ ಮುಗಿಸಿಕೊಳ್ಳುವ ವ್ಯವಸ್ಥೆ ಇದೆ. ಒಪ್ಪಿಗೆಯಾಗದಿದ್ದರೆ ಪೊಲೀಸರನ್ನು ಕರೆಯಿರಿ. ಫೋಟೊದಲ್ಲಿ ಗಾಡಿಗಳ ಜೊತೆ ರಸ್ತೆಯೂ ಬರಲಿ: ಲೇನಿನ ಗೆರೆ, ಟೈರು ಎಳೆದ ಗುರುತು, ಒಡೆದ ಗಾಜು ಬಿದ್ದ ಜಾಗ, ನೀರು ನಿಂತ ಜಾಗ. ಆ ಚಿತ್ರಗಳು ಪೊಲೀಸರಿಗೆ ಮತ್ತು ಇನ್ಶೂರೆನ್ಸ್‌ನವರಿಗೆ ಮಾತ್ರ. ಗಾಯಗೊಂಡವರ ಚಿತ್ರವನ್ನು ವಾಟ್ಸಪ್ ಗುಂಪಿಗೆ ಹಾಕುವ ಕ್ರೂರ ಕೆಲಸ ನಮ್ಮವರಿಂದ ಆಗದಿರಲಿ. ಅರಬ್ಬಿಯಲ್ಲಿ ಬರೆದ ಕಾಗದಕ್ಕೆ ಅರ್ಥ ತಿಳಿಯದೆ ಸಹಿ ಹಾಕಬೇಡಿ, ಓದಿ ಹೇಳುವವರನ್ನು ಕರೆಸಿಕೊಳ್ಳಿ. ಮುಲ್ಕಿಯಾ (ಗಾಡಿಯ ನೋಂದಣಿ ಪತ್ರ), ಲೈಸೆನ್ಸ್, ಇನ್ಶೂರೆನ್ಸ್ ಮೂರೂ ಚಾಲ್ತಿಯಲ್ಲಿರುವುದು ಅಂದು ನಿಮ್ಮನ್ನು ಕಾಯುತ್ತದೆ.

"ಎದುರಿನವನು ಒಮಾನಿ, ಪೊಲೀಸರು ಅವನ ಪರವೇ" ಎಂದು ನಿಮ್ಮ ಪಕ್ಕದಲ್ಲಿ ಯಾರಾದರೂ ಪಿಸುಗುಟ್ಟುತ್ತಾರೆ. ಆ ಮಾತು ಕೇಳಿ ಮಾಡದ ತಪ್ಪು ಒಪ್ಪಿಕೊಳ್ಳಬೇಡಿ, ಮಾಡಿದ ತಪ್ಪು ಮುಚ್ಚಲು ಸುಳ್ಳೂ ಹೇಳಬೇಡಿ. ಲೈಸೆನ್ಸ್ ಇಲ್ಲದ ಗೆಳೆಯ ಓಡಿಸಿ ಗುದ್ದಿದಾಗ "ನಾನೇ ಓಡಿಸುತ್ತಿದ್ದೆ" ಎಂದು ಮುಂದೆ ನಿಲ್ಲುವುದು ಸ್ನೇಹ ಎಂದು ತಿಳಿದವರಿದ್ದಾರೆ. ಗಾಯಗೊಂಡವನು ಮರುದಿನ ತೀರಿಕೊಂಡರೆ ಆ ಸ್ನೇಹಕ್ಕೆ ಮರಣದ ಪ್ರಕರಣ ಅಂಟುತ್ತದೆ. ಇಲ್ಲಿ ಸತ್ತವರ ಮನೆಯವರಿಗೆ ಕೊಡಬೇಕಾದ ದಿಯಾ ಹಣವನ್ನು 2008ರ ರಾಜಾಜ್ಞೆ 15,000 ರಿಯಾಲಿಗೆ ಏರಿಸಿತು. ಇನ್ಶೂರೆನ್ಸ್ ಅದನ್ನು ಕಟ್ಟಿದರೂ, ಕುಡಿದು ಅಥವಾ ಲೈಸೆನ್ಸ್ ಇಲ್ಲದೆ ಓಡಿಸಿದ್ದರೆ ಓಡಿಸಿದವನಿಂದ ವಸೂಲಿ ಮಾಡಬಹುದು. ಪ್ರಕರಣ ಮುಗಿಯುವವರೆಗೆ ಊರಿಗೆ ಹೋಗುವುದೂ ಕಷ್ಟವಾಗಬಹುದು. ಮನೆಯಲ್ಲಿ ಮದುವೆಯೇ ಇರಲಿ, ಸಾವೇ ಇರಲಿ.

ಕಂಪನಿಯ ಪಿಕಪ್, ಡೆಲಿವರಿ ಗಾಡಿ ಓಡಿಸುವ ತಮ್ಮಂದಿರಿಗೆ ಇನ್ನೊಂದು ಮಾತು, ಏಕೆಂದರೆ ಟೈರು ಕೊಡಿಸುವವರು ಬೇರೆ, ಅದರ ಮೇಲೆ ಜೀವ ಇಡುವವರು ನೀವು. ಟೈರಿನ ಬದಿಯಲ್ಲಿ ನಾಲ್ಕಂಕಿ ಒತ್ತಿರುತ್ತದೆ: 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಇಲ್ಲಿಯ ಬಿಸಿಲಿಗೆ, ಗೀರು ಉಳಿದಿದ್ದರೂ ರಬ್ಬರ್ ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಗೀರಿನ ಆಳ 1.6 ಮಿಲಿಮೀಟರಿಗೆ ಇಳಿದಾಗ ಗೀರುಗಳೊಳಗಿನ ಸಣ್ಣ ಉಬ್ಬು ಟೈರಿನ ಮೇಲ್ಮೈಗೆ ಸಮನಾಗಿ ಕಾಣುತ್ತದೆ, ಬೆರಳು ಇಟ್ಟು ನೋಡಿ. ಹಾಗೆ ಕಂಡರೆ ಮಾಲೀಕನಾದ ಅರಬಾಬನಿಗೋ ಸೂಪರ್‌ವೈಸರಿಗೋ ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ. ಫೋಟೊ ತೆಗೆದು, ದಿನಾಂಕ ಹಾಕಿ, ಮೆಸೇಜಿನಲ್ಲಿ ಬರೆದು ಕಳಿಸಿ, ಅದನ್ನು ಅಳಿಸದೆ ಇಟ್ಟುಕೊಳ್ಳಿ. ಬದಲಾಯಿಸುವವರೆಗೆ ಮಳೆಯಲ್ಲಿ ಆ ಗಾಡಿ ತೆಗೆಯುವುದಿಲ್ಲ ಎಂದು ಅದರಲ್ಲೇ ಬರೆಯಿರಿ. ಬರೆಯಲು ಭಾಷೆ ತೊಡಕಾದರೆ, ನಮ್ಮವರಲ್ಲಿ ಅರಬ್ಬಿ ಬಲ್ಲ ಯಾರಾದರೂ ಹಿರಿಯರ ಹತ್ತಿರ ಹೋಗಿ. ರಾತ್ರಿ ಎಷ್ಟು ಹೊತ್ತಾದರೂ ಬಾಗಿಲು ತಟ್ಟಿ.