ಕಾಫಿಮೂಟೆಯೂ ಹಡಗಿನ ಅಧಿಕಾರಿಯೂ

ಸಕಲೇಶಪುರ, ಆಲೂರುಗಳ ಗುಡ್ಡಗಳಲ್ಲಿ ಚಳಿಗಾಲದ ಮುಂಜಾನೆ ತಗಡಿನ ಮಾಡಿನ ಒಳಮೈಯಲ್ಲಿ ನೀರಹನಿಗಳು ತೂಗುವುದನ್ನು ನಾವು ಕಂಡಿದ್ದೇವೆ. ಇಂಥ ಹನಿಗಳೇ ಇಲ್ಲಿನ ಕಾಫಿಯನ್ನು ನಡುಗಡಲಿನಲ್ಲಿ ಕೆಡಿಸಬಲ್ಲವು.

ಘಟ್ಟವಿಳಿದು ಮಂಗಳೂರಿನಲ್ಲಿ ಹಡಗೇರುವ ಬೀಜದಲ್ಲಿ ನೂರಕ್ಕೆ 10–12 ಪಾಲು ನೀರಿರುತ್ತದೆ. ಸೂಯೆಜ್ ಕಾಲುವೆಯನ್ನು ದಾಟಿ ಯೂರೋಪಿನ ಶೀತಲ ಸಮುದ್ರವನ್ನು ಹೊಕ್ಕೊಡನೆ ಹಡಗಿನ ಉಕ್ಕು ಬೇಗ ತಣಿಯುತ್ತದೆ, ಬೀಜ ನಿಧಾನವಾಗಿ. ಬೀಜದಿಂದ ಹೊರಟ ಆವಿ ತಣ್ಣನೆಯ ಉಕ್ಕನ್ನು ಮುಟ್ಟಿ, ನೀರಾಗಿ, ಮೂಟೆಗಳ ಮೇಲೆ ತೊಟ್ಟಿಕ್ಕುತ್ತದೆ. ಬೂಷ್ಟು ಹಿಡಿಯಲು ಅಷ್ಟು ಸಾಕು.

ಗಾಳಿಯಾಡಿಸಿದರಾಗದೇ? ಹೊರಗಾಳಿಯ ಇಬ್ಬನಿಬಿಂದು ಒಳಗಾಳಿಯದಕ್ಕಿಂತ ಕೆಳಗಿದ್ದರೆ ಮಾತ್ರ ಆದೀತು. ಈ ಗಣನೆ ಡೆಕ್ಕಿನ ಅಧಿಕಾರಿಯದು. ಆದರೆ ಹಡಗಿನ ತಳದ ತೊಟ್ಟಿಗಳಲ್ಲಿ ಮಂದವಾದ ಉರಿಎಣ್ಣೆಯನ್ನು ಕಾಯಿಸುವರೆಂದು ಅರಿಯದವನು ಮೂಟೆಗಳನ್ನು ಬಿಸಿ ತೊಟ್ಟಿಯ ಮೇಲೆಯೇ ಪೇರಿಸಿಯಾನು! ಮೊದಲೇ ಒದ್ದೆಯಾಗಿದ್ದ ಮೂಟೆಗೆ ಟಿಪ್ಪಣಿಯಿಲ್ಲದ ‘ಬಿಲ್ ಆಫ್ ಲೇಡಿಂಗ್’ ಕೊಟ್ಟರೆ ನಷ್ಟ ಹಡಗಿನ ಒಡೆಯನ ತಲೆಗೆ ಬಂದೀತು. ಇಂದು ಮುಚ್ಚಿದ ಕಂಟೇನರುಗಳೇ ಹೆಚ್ಚು. ಅವುಗಳೊಳಗೆ ಗಾಳಿಯಾಡಿಸುವುದು ಕಷ್ಟ, ಆದುದರಿಂದ ಅವನ್ನು ಇಡುವ ಸ್ಥಳವೇ ಮುಖ್ಯ.

ಮುಂಬಯಿಯ ‘ಡಫರಿನ್’ ತರಬೇತಿ ಹಡಗು 1927ರಲ್ಲಿ ಆರಂಭವಾಯಿತು. ನೌಕಾಯಂತ್ರ ಶಿಕ್ಷಣಕ್ಕೆ 1949ರಲ್ಲಿ ಕಲ್ಕತ್ತೆಯಲ್ಲಿ ಬೇರೆ ಸಂಸ್ಥೆ ಹುಟ್ಟಿತು. ನಾವಿಕವಿದ್ಯೆ ಒಂದೆಡೆ, ಯಂತ್ರವಿದ್ಯೆ ಇನ್ನೊಂದೆಡೆ. ನಾವಿಕರ ತರಬೇತಿಯನ್ನು ಕುರಿತ 1978ರ ಅಂತರರಾಷ್ಟ್ರೀಯ ಒಪ್ಪಂದವನ್ನು 1995ರಲ್ಲಿ ತಿದ್ದಿದಾಗ, ಒಬ್ಬನೇ ಎರಡೂ ವಿಭಾಗಗಳ ಅರ್ಹತೆ ಪಡೆಯಲು ದಾರಿಯಾಯಿತು. ಅಂಥವನು ಎರಡರಲ್ಲಿಯೂ ಅರೆಬರೆಯಾದಾನೆಂಬ ಆಕ್ಷೇಪ ಪೊಳ್ಳೆಂದು ನಾವು ಹೇಳಲಾರೆವು. ಯಂತ್ರವನ್ನು ಬಿಚ್ಚಿ ಜೋಡಿಸುವುದು ಅವನಿಗೆ ಬೇಡ. ಯಾವ ತೊಟ್ಟಿಯನ್ನು ಎಂದು ಕಾಯಿಸುವಿರೆಂದು, ಸರಕು ಹೇರುವ ಮೊದಲೇ, ಕೆಳಗಿನ ಯಂತ್ರಾಧಿಕಾರಿಯನ್ನು ಕೇಳಲು ತಿಳಿದಿರಲಿ.