ಮಾರ್ಫಿನ್ ಶುರುವಾದ ದಿನವೇ ಹೊಟ್ಟೆಯ ಮಾತ್ರೆಯೂ ಶುರುವಾಗಲಿ

ಭದ್ರಾವತಿಯ ನ್ಯೂ ಟೌನ್ ಇರಲಿ, ಶಿವಮೊಗ್ಗ ಇರಲಿ, ಕ್ಯಾನ್ಸರ್ ರೋಗಿಯನ್ನು ಮನೆಯಲ್ಲೇ ನೋಡಿಕೊಳ್ಳುವವರು ನೋವು, ಊಟ, ನಿದ್ದೆ ಎಲ್ಲವನ್ನೂ ವಿಚಾರಿಸುತ್ತಾರೆ. ‘ಮೋಷನ್ ಆಯ್ತಾ?’ ಎಂದು ಕೇಳಲು ಮಾತ್ರ ಸಂಕೋಚ. ಮಾವನಿಗೆ ಸೊಸೆ ಕೇಳುವುದಂತೂ ದೂರದ ಮಾತು. ಆದರೆ ಕೇಳಲೇಬೇಕು, ನೋವಿಗೆ ಕೊಡುವ ಮಾರ್ಫಿನ್ ಕರುಳಿನ ಚಲನೆಯನ್ನು ನಿಧಾನ ಮಾಡುತ್ತದೆ. ಅದರಿಂದ ಬರುವ ವಾಕರಿಕೆ, ಮಂಪರು ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ತಗ್ಗುತ್ತವೆ. ಮಲಬದ್ಧತೆ ಹಾಗೆ ತಗ್ಗುವುದಿಲ್ಲ.

ಮೊದಲು ಚೀಟಿ ನೋಡಿ. ಮಾರ್ಫಿನ್ ಅಥವಾ ಟ್ರಮಡಾಲ್ ಜೊತೆ ಬಿಸಾಕೊಡಿಲ್, ಸೆನ್ನಾದಂಥ ಮಲ ಸಡಿಲಿಸುವ ಮಾತ್ರೆ ಬರೆದಿಲ್ಲವಾದರೆ ಡಾಕ್ಟರನ್ನು ಅಂದೇ ಕೇಳಿ. ಇವನ್ನು ರಾತ್ರಿ ನುಂಗಿದರೆ 6ರಿಂದ 12 ಗಂಟೆಯೊಳಗೆ ಕೆಲಸ ಮಾಡುತ್ತವೆ. ಲ್ಯಾಕ್ಟುಲೋಸ್ ಸಿರಪ್‌ಗೆ ಒಂದೆರಡು ದಿನ ಬೇಕು, ಕೆಲವರಿಗೆ ಹೊಟ್ಟೆ ಉಬ್ಬರಿಸುತ್ತದೆ. ಕಬ್ಬಿಣಾಂಶದ ಮಾತ್ರೆ, ವಾಂತಿಗೆ ಕೊಡುವ ಒಂಡಾನ್ಸೆಟ್ರಾನ್ ಕೂಡ ಹೊಟ್ಟೆ ಕಟ್ಟಿಸುತ್ತವೆ ಎಂಬುದು ನೆನಪಿರಲಿ. ಮಲಬದ್ಧತೆಗೆ ಹೆದರಿ ಮಾರ್ಫಿನ್ ನಿಲ್ಲಿಸಬೇಡಿ.

ಮೆಡಿಕಲ್ ಶಾಪಿನಿಂದ ಇಸಬ್‌ಗೋಲ್ ತರುವುದು ನಮ್ಮೆಲ್ಲರ ಅಭ್ಯಾಸ. ಮಲಗಿದಲ್ಲೇ ಇರುವ, ಅರ್ಧ ಲೋಟ ನೀರಿಗೂ ಒಲ್ಲೆ ಎನ್ನುವ ರೋಗಿಗೆ ಅದು ಬೇಡ. ನೀರು ಸಾಲದೆ ಕರುಳಿನಲ್ಲೇ ಮುದ್ದೆಗಟ್ಟಬಹುದು. ಅಜ್ಜಿಯ ಕಾಲದ ಹರಳೆಣ್ಣೆಯೂ ಬೇಡ, ಹೊಟ್ಟೆ ನುಲಿಯುತ್ತದೆ. ಪಪ್ಪಾಯಿ, ನೆನೆಸಿದ ಒಣದ್ರಾಕ್ಷಿ, ತೆಳು ಗಂಜಿ ಸೇರಿದಷ್ಟು ಕೊಡಿ, ಬಲವಂತ ಬೇಡ.

ಬೆಳಗಿನ ತಿಂಡಿಯಾಗಿ ಅರ್ಧ ಗಂಟೆಯೊಳಗೆ ಶೌಚಕ್ಕೆ ಕೂರಿಸಿ, ಆಗ ಕರುಳು ತಾನಾಗಿ ಚುರುಕಾಗುತ್ತದೆ. ಕೆಳಗೆ ಕೂರಲಾಗದವರಿಗೆ ಕಮೋಡ್ ಕುರ್ಚಿ ತನ್ನಿ. ಪಾದದಡಿ ಬಚ್ಚಲಿನ ಗಿಡ್ಡ ಮಣೆ ಇಟ್ಟರೆ ಮಂಡಿ ಸೊಂಟಕ್ಕಿಂತ ಮೇಲೇಳುತ್ತದೆ. ಮೊಣಕೈ ತೊಡೆಗೂರಿ ಮುಂದಕ್ಕೆ ಬಾಗಲಿ. ಬೆಡ್‌ಪ್ಯಾನ್ ಕೊನೆಯ ಉಪಾಯ. ಬಾಗಿಲು ಮುಂದೆ ಮಾಡಿ, ಕೂಗಿದರೆ ಕೇಳಿಸುವಷ್ಟು ದೂರ ನಿಲ್ಲಿ. ಆದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಊಟ ಕಡಿಮೆಯಿದ್ದರೂ ಮಲ ಉತ್ಪತ್ತಿಯಾಗುತ್ತಲೇ ಇರುತ್ತದೆ. ಮೂರು ದಿನ ಖಾಲಿ ಹೋದರೆ ಡಾಕ್ಟರಿಗೆ ಫೋನ್ ಮಾಡಿ. ಗುದದಲ್ಲಿ ಇಡುವ ಗ್ಲಿಸರಿನ್ ಗುಳಿಗೆಯೋ ಎನಿಮಾವೋ ಬೇಕಾದೀತು.

ಎಲ್ಲರೂ ಎಡವುವುದು ಇಲ್ಲಿ: ನಾಲ್ಕೈದು ದಿನ ಏನೂ ಆಗದೆ, ಒಮ್ಮೆಲೇ ನೀರುನೀರಾಗಿ ಬಟ್ಟೆಗೆ ಒಸರಿದರೆ ಅದು ಭೇದಿಯಲ್ಲದಿರಬಹುದು. ಗಟ್ಟಿ ಮಲದ ಪಕ್ಕದಿಂದ ನೀರು ಜಾರುತ್ತಿರುತ್ತದೆ. ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟರೆ ಮತ್ತಷ್ಟು ಬಿಗಿಯುತ್ತದೆ; ಪರೀಕ್ಷೆ ಮಾಡಿಸಿ.

ಹೊಟ್ಟೆ ಉಬ್ಬಿ, ಗಾಳಿಯೂ ಹೋಗದೆ, ನೋವು ಬಿಟ್ಟುಬಿಟ್ಟು ಹಿಂಡಿ, ವಾಂತಿಯಾಗುತ್ತಿದ್ದರೆ ಕರುಳು ಅಡಚಿರಬಹುದು. ಮಲ ಸಡಿಲಿಸುವ ಯಾವ ಔಷಧವನ್ನೂ ಕೊಡದೆ ಶಿವಮೊಗ್ಗದ ಮೆಗ್ಗಾನ್ ಅಥವಾ ಹತ್ತಿರದ ಆಸ್ಪತ್ರೆಗೆ ಹೊರಡಿ. ಬೆನ್ನುನೋವಿನ ಜೊತೆ ಕಾಲು ಸೋತು ಮೂತ್ರವೂ ಕಟ್ಟಿದರೆ ಬೆನ್ನುಹುರಿಯ ಮೇಲೆ ಒತ್ತಡ ಬಿದ್ದಿರುವ ಶಂಕೆಯಿದೆ. ಬೆಳಗಾಗಲಿ ಎಂದು ಕಾಯಬೇಡಿ, ರಾತ್ರಿಯೇ 108ಕ್ಕೆ ಕರೆ ಮಾಡಿ.